ಗುರ್ತಿಲ್ಲದವ್ರಿಗೆ ಕಾರ್ ಮಾರಿ ಚಲೋ ಅನುಭವ ಆದವ್ರು ಯಾರರ ಅದೀರೇನ್ರಿ?

ವಿದ್ಯಾನಗರದ_ಹುಡ್ಗ:
ಎಲ್ಲಾರಿಗೂ ನಮಸ್ಕಾರ್ರಿ. ಮನ್ಯಾಗ 2014ರ ವ್ಯಾಗನ್ ಆರ್ ಐತಿ, ಪೆಟ್ರೋಲ್, ನಮ್ಮಪ್ಪಾರ ಹೆಸರೀಲೆ. ಅಪ್ಪಾರು ಈಗ ಗಾಡಿ ಹೊಡಿಯೂದು ಬಿಟ್ಟಾರ, ನಾ ಇರೂದು ಪುಣೆದಾಗ. ನಿಂತು ನಿಂತು ಬ್ಯಾಟರಿ ಇಳಿಯಾಕತ್ತೈತಿ. ಒಂದು ಸೆಕೆಂಡ್ ಹ್ಯಾಂಡ್ ಅಂಗಡ್ಯಾಗ ಕೇಳಿದ್ರ 2.05 ಲಕ್ಷ ಅಂದ್ರು. ಅಂಥಾದ್ದ ಗಾಡಿಗೆ ಮಂದಿ ಆನ್‌ಲೈನಿನ್ಯಾಗ 2.70 ಹಾಕ್ಯಾರ. ನಾನ ನೇರ ಮಾರ್ತೀನಿ ಅಂದ್ರ ಮನ್ಯಾಗ ಎಲ್ಲಾರೂ ಒಂದ ಸವನ ಹೆದ್ರಿಸ್ತಾರ. ಟೆಸ್ಟ್ ಡ್ರೈವ್ ಅಂತ ಹೋದಂವ ಹೊಳ್ಳಿ ಬರೂದಿಲ್ಲ ಅಂತಾಳ ನಮ್ಮಕ್ಕ. ತಗೊಂಡಂವ ಹೆಸರ ಬದಲಿ ಮಾಡ್ಸೂದಿಲ್ಲ, ನಾಳೆ ಯಾರಿಗರ ಹಾಯ್ಸಿದ್ರ ನಿಮ್ಮಪ್ಪ ಕೋರ್ಟಿಗೆ ಅಡ್ಡ್ಯಾಡಬೇಕು ಅಂತಾರ ಮಾವಾರು. ಖೊಟ್ಟಿ ನೋಟಿನ ಸುದ್ದಿ ಬ್ಯಾರೆ.

ಮೋಸದ ಕತಿ ಕೇಳಿ ಕೇಳಿ ಸಾಕಾಗೇತಿ, ಅವು ಬ್ಯಾಡ. ಸುರಳೀತ ಆಗಿದ್ದನ್ನ ಯಾರೂ ಹೇಳೂದಿಲ್ಲ ನೋಡ್ರಿ. ಗುರ್ತಿಲ್ಲದವ್ರಿಗೆ ನೇರ ಮಾರಿ ಚಲೋ ಆಗಿದ್ರ ಹೇಳ್ರಿ, ಹೆಂಗ ಮಾಡಿದ್ರಿ ಅನ್ನೂದನ್ನೂ ಹೇಳ್ರಿ.

ಮಿರ್ಚಿ_ಮಂಡಕ್ಕಿ:
ಅರವತ್ತು ಸಾವಿರ ಹೋದ್ರ ಹೋತು, ಅಂಗಡಿಗೆ ಕೊಟ್ಟು ಆರಾಮ ಇರ್ರಿ.

ಕುಂದಗೋಳ_ಕಾಕಾ:
ಅರವತ್ತು ಸಾವಿರ ಹೋದ್ರ ಹೋತಂತ! ಏನ್ ಕೆಲಸ ಮಾಡ್ತೀಯೋ ತಮ್ಮಾ, ನಮ್ಮ ಹುಡುಗ್ಗೂ ಒಂದು ಕೊಡ್ಸು.

ಸಪ್ತಾಪುರ_ಅಕ್ಕ:
ನಮ್ಮ ಆಲ್ಟೋ ಮಾರಿದಾಕಿ ನಾನ. ಮನೀಯವ್ರು ಆವಾಗ ಟೂರಿನ ಮ್ಯಾಲ ಇದ್ರು.

ಜಾಹೀರಾತು ಹಾಕೋಮುಂದ ಒಂದ ಕೆಲಸ ಮಾಡಿದೆ. ಚಂದ ಚಂದ ಫೋಟೋದ ಸಂಗಾಟ ಹಿಂದಿನ ಬಂಪರ್ ಸೀಳಿದ್ದು, ಬಲಗಡೆ ಬಾಗಲದ ಗೀರು, ಎರಡನ್ನೂ ಹತ್ರದಿಂದ ತಗದು ಹಾಕಿದೆ. ಎಸಿಗೆ ಗ್ಯಾಸ್ ತುಂಬಿಸಬೇಕು, ಕ್ಲಚ್ ಗಟ್ಟಿ ಅದ ಅಂತ ಬರದೆ. ನಮ್ಮ ತಮ್ಮ ನಕ್ಕ, ಅಕ್ಕಾ ನೀ ಗಾಡಿ ಮಾರ್ಲಿಕ್ಕತ್ತೀಯೋ ಗಾಡೀ ಮ್ಯಾಲ ದೂರು ಕೊಡ್ಲಿಕ್ಕತ್ತೀಯೋ ಅಂತ. ಆದ್ರ ಫೋನ್ ಮಾಡಿದವ್ರು ಹೆಚ್ಚಾಗಿ ಖರೇನ ತಗೊಳ್ಳೋವ್ರ ಇದ್ರು. ಸುಮ್ಮಸುಮ್ನ "ಲಾಸ್ಟ್ ಎಷ್ಟು" ಅನ್ನೋ ಮೆಸೇಜ್ ಭಾಳ ಕಡಿಮಿ.

ತಗೊಂಡವ್ರು ಅಣ್ಣಿಗೇರಿ ಕಡೆ ಸಾಲಿ ಮಾಸ್ತರು, ಗಂಡ ಹೆಂಡತಿ ಇಬ್ರೂ. ಸಂಗಾಟ ಒಬ್ಬ ಮಿಸ್ತ್ರಿ, ಮತ್ತ ಅವರ ಅತ್ತಿ. ಮಿಸ್ತ್ರಿ ಬಂದವನ "ಅಕ್ಕಾರ, ಗಾಡಿ ಚಾಲೂ ಮಾಡಬ್ಯಾಡ್ರಿ" ಅಂದ. ಬಾನೆಟ್ ಮ್ಯಾಲ ಅಂಗೈ ಇಟ್ಟು ನೋಡಿದ. ಮೊದಲ ಬಿಸಿ ಮಾಡಿ ಇಟ್ಟಿದ್ರ ತಣ್ಣನ ಇಂಜಿನ್ನಿನ ಸಪ್ಪಳ ಸಿಗೂದಿಲ್ಲಂತ. ಆಮ್ಯಾಲ ಆಯಿಲ್ ಹಾಕೋ ಮುಚ್ಚಳ ತಗದು ಒಳಗ ಬೆರಳಾಡ್ಸಿದ. ಬೆಳ್ಳಗ ಕೆನಿ ಹಂಗ ಹತ್ತಿದ್ರ ಒಳಗ ನೀರು ಕೂಡ್ಲಿಕ್ಕತ್ತದ ಅಂತ ಸಂಶಯ ಬರಬೇಕಂತ. ಅತ್ತಿ ಮಾತ್ರ ಇದ್ಯಾವುದೂ ನೋಡ್ಲಿಲ್ಲ. ಹಿಂದಿನ ಸೀಟಿನ್ಯಾಗ ಕೂತ್ರು, ಇಳದ್ರು, ಮತ್ತ ಕೂತ್ರು. ಮೊಣಕಾಲ ನೋವು ಅವರಿಗೆ. "ಆಗ್ತದ" ಅಂದ್ರು. ವ್ಯವಹಾರ ಮುಗೀತು ಅಂತ ನನಗ ಆವಾಗ ತಿಳೀತು. ಮಿಸ್ತ್ರಿ ಪಾಪ ಇನ್ನೂ ಟೈರ್ ನೋಡ್ಲಿಕ್ಕತ್ತಿದ್ದ.

ನಾ 1.65 ಹಾಕಿದ್ದೆ. ಎಸಿ, ಕ್ಲಚ್ಚಿನ ಖರ್ಚು ಕಳದು 1.52 ಅಂದ್ರು. ಎಲ್ಲಾ ನಾನ ಬರದಿದ್ದಕ್ಕ ಜಗಳಾಡ್ಲಿಕ್ಕೆ ಏನೂ ಉಳದಿರ್ಲಿಲ್ಲ. ರೊಕ್ಕ ಖಾತೇಕ ಬಂದಮ್ಯಾಲ ಚಾವಿ ಕೊಟ್ಟೆ, ಹೆಸರ ಬದಲಿಗೆ ನವನಗರದ ಆರ್‌ಟಿಒಗೆ ಕೂಡೇ ಹೋದ್ವಿ. ಈಗೂ ಸುಗ್ಗಿಯೊಳಗ ಅವರ ಕಡಿಂದ ಹಸಿ ಕಡ್ಲಿಗಿಡ ಬರ್ತಾವ.

ಮಿರ್ಚಿ_ಮಂಡಕ್ಕಿ:
ಅಕ್ಕಾರ, ನಿಮ್ಮ ನಸೀಬ ಚಲೋ ಇತ್ತು. ಎಲ್ಲಾರಿಗೂ ಮಾಸ್ತರ್ರ ಸಿಗೂದಿಲ್ಲ.

ಸಪ್ತಾಪುರ_ಅಕ್ಕ:
ಮಾಸ್ತರು ಮೋಸ ಮಾಡೂದಿಲ್ಲ ಅಂತ ಎಲ್ಲೆ ಬರದದ? ನಮ್ಮ ಮನ್ಯಾಗ ಇಬ್ಬರು ಮಾಸ್ತರದಾರ, ನನಗ ಹೇಳಬ್ಯಾಡ್ರಿ. ರೊಕ್ಕ ಬರೂತನಕಾ ಚಾವಿ ಕೊಟ್ಟಿಲ್ಲ, ಅದಕ್ಕ ನಸೀಬ ಅಂತೀರೇನು?

ಕುಂದಗೋಳ_ಕಾಕಾ:
ಗುರ್ತಿಲ್ಲದವ್ರು ಗುರ್ತಿಲ್ಲದವ್ರು ಅಂತೀರಿ. ಹುಬ್ಬಳ್ಳಿ ಸುತ್ತಮುತ್ತ ಅರ್ಧಾ ತಾಸು ಕುಂತು ಮಾತಾಡಿದ ಮ್ಯಾಲೂ ಗುರ್ತಿಲ್ಲದಂವ ಆಗಿ ಉಳಿಯೂದು ಅಷ್ಟು ಸರಳ ಐತೇನು? ನಾ ಓಮ್ನಿ ಮಾರಿದಾಗ ಬಂದಂವ ಶಿರಹಟ್ಟಿ ಕಡೆ ಹುಡ್ಗ. ನೀರು ಕೊಟ್ಟು, ಯಾವೂರಪಾ, ಯಾರ ಪೈಕಿ ಅಂದೆ. ಚಾ ಬರೂದ್ರಾಗ ಅವನ ಸೋದರಮಾವ ನಮ್ಮ ಬೀಗರ ಓಣ್ಯಾಗ ಕಿರಾಣಿ ಅಂಗಡಿ ಇಟ್ಟಾನ ಅಂತ ಹೊರಗ ಬಿತ್ತು. ಹಚ್ಚು ಫೋನ್ ಅಂದೆ. ಮಾವ ಸ್ಪೀಕರಿನ್ಯಾಗ "ಹುಡ್ಗ ಚಲೋ ಅದಾನ್ರಿ, ಆದ್ರ ಚೌಕಾಸಿಗೆ ನಿಂತ ಅಂದ್ರ ಜೀವಾ ತಿಂತಾನ" ಅಂದ. ಹುಡ್ಗ ನಾಚಿ ತಾನ ಐದು ಸಾವಿರ ಏರ್ಸಿದ! 2019ರಾಗ ಓಮ್ನಿ ತಯಾರ ಮಾಡೂದ ಬಂದ್ ಆತಲ್ಲ, ಹಳ್ಳಿ ಕಡೆ ಮಂದಿ ಇನ್ನೂ ಹುಡಿಕ್ಕೊಂತ ಬರ್ತಾರ. ಕಾಯಿಪಲ್ಯ ಹೇರಾಕ ಬೇಕಾಗಿತ್ತಂತ ಅವಂಗ.

ಬೆಟಗೇರಿ_ಮಗ್ಗ:
ಕಾಕಾ, ಯಾರ ಪೈಕಿ ಅಂತ ಕೇಳೂದು ಈಗಿನವ್ರಿಗೆ ಸೇರೂದಿಲ್ಲ. ಜಾತಿ ಕೇಳಿದಂಗ ಆಕ್ಕೈತಿ.

ಕುಂದಗೋಳ_ಕಾಕಾ:
ಜಾತಿ ಎಲ್ಲಿ ಕೇಳೀನೋ ಮಾರಾಯಾ, ಊರು ಕೇಳೀನಿ.

ಬೆಟಗೇರಿ_ಮಗ್ಗ:
ಊರು, ಓಣಿ, ಅಡ್ಡೆಸರು ಮೂರು ಕೇಳಿದ್ರ ಉಳದದ್ದು ತಾನ ತಿಳೀತೈತಿ. ಆಧಾರ್ ನೋಡ್ರಿ, ಡಿಎಲ್ ನೋಡ್ರಿ, ಸಾಕು. ನಾ ಮಾರಿದ್ದು ಖರೇನ ಗುರ್ತಿಲ್ಲದಂವಗ, ಅದೂ ಸಾಲ ಇದ್ದ ಗಾಡಿ.

ಸ್ವಿಫ್ಟ್ ಇತ್ತು, ಬ್ಯಾಂಕಿಗೆ ಇನ್ನೂ 1.40 ಲಕ್ಷ ಬಾಕಿ. ಆರ್‌ಸಿ, ಅಂದ್ರ ಗಾಡಿ ನೋಂದಣಿ ಪತ್ರ, ಅದರ ಮ್ಯಾಲ ಬ್ಯಾಂಕಿನ ಹೆಸರು ಇರೂತನಕಾ ಅವರ ಒಪ್ಪಿಗಿ ಇಲ್ದ ಹೆಸರ ಬದಲಿ ಆಗೂದಿಲ್ಲ. ಇಂಥಾ ಗಾಡಿ ಯಾಂವ ತಗೋತಾನ ಅಂತ ಎಲ್ಲಾರೂ ನಕ್ರು. ತಗೊಂಡಂವ ಕೊಪ್ಪಳದಾಗ ಕಾರ್ಖಾನಿ ಕೆಲಸದಂವ. ಇಬ್ರೂ ಕೂಡಿ ಬ್ಯಾಂಕಿಗೆ ಹೋಗಿ ಬಾಕಿ ಎಷ್ಟು ಅಂತ ಬರಸ್ಕೊಂಡ್ವಿ. ಅಂವ ಅಷ್ಟೂ ರೊಕ್ಕ ನೇರ ನನ್ನ ಸಾಲದ ಖಾತೇಕ ಹಾಕಿದ. ಬ್ಯಾಂಕಿನವ್ರು ಸಾಲ ತೀರೇತಿ ಅನ್ನೋ ಎನ್‌ಒಸಿ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತಗಸೋ ಫಾರ್ಮ್ 35 ಕೊಡಾಕ ಒಂದಿಷ್ಟು ದಿನ ತಗೊಂಡ್ರು. ಅಲ್ಲೀತನಕಾ ಗಾಡಿ ನನ್ನ ಮನಿ ಮುಂದ, ಅವನ ರೊಕ್ಕ ನನ್ನ ಸಾಲದಾಗ. ನಡಕ ಒಂದು ಸ್ಟ್ಯಾಂಪ್ ಪೇಪರಿನ ಕರಾರು ಅಷ್ಟ. ದಿನಾ ರಾತ್ರಿ "ಎನ್‌ಒಸಿ ಬಂತೇನ್ರಿ ಸರ್" ಅಂತ ಮೆಸೇಜ್ ಹಾಕ್ತಿದ್ದ, ಪಾಪ. ಮಾರೋವ್ರು ನಾವು ಅಂಜಿಕೊಂಡು ಕುಂದರ್ತೀವಿ, ಆದ್ರ ನಮಗಿಂತ ದುಪ್ಪಟ್ಟು ಅಂಜಿಕಿ ತಗೊಳ್ಳೋವ್ರಿಗೆ ಇರ್ತೈತಿ. ಅದು ತಿಳದ ಮ್ಯಾಲ ನಾನ ಫೋನ್ ಮಾಡಿ ಹೇಳಾಕ ಚಾಲೂ ಮಾಡಿದೆ, ಇವತ್ತು ಇಷ್ಟು ಆತು, ನಾಳೆ ಇದು ಆಕ್ಕೈತಿ ಅಂತ.

ನವನಗರ_ನಿವಾಸಿ:
ಬೆಟಗೇರಿ ಅಣ್ಣಾರು ಹೇಳಿದ್ದು ಅಗದಿ ಖರೆ. ನನ್ನ ಗಾಡಿ ತಗೊಳ್ಳಾಕ ಬಂದವ್ರು ಎಲ್ಲಾದಕ್ಕಿಂತ ಮೊದಲ ನೋಡಿದ್ದು ಚಾಸಿ ನಂಬರ್, ಆರ್‌ಸಿದಾಗಿದ್ದದ್ದ ಐತೋ ಇಲ್ಲೋ ಅಂತ. ಟಾರ್ಚ್ ಹಿಡದು ನಾನ ತೋರ್ಸಿದೆ.

ಕಾಯ್ದೆ_ಗುಮಾಸ್ತ:
ಮೂಲ ಪ್ರಶ್ನೆ ಕೇಳಿದವರಿಗೆ: ನಿಮ್ಮ ಮಾವನವರು ಸುಮ್ಮನೆ ಹೆದರಿಸುತ್ತಿಲ್ಲ. ಗಾಡಿ ಕೈಯಿಂದ ಕೈಗೆ ಹೋಗುತ್ತಾ ಹೋಗಿ ಆರ್‌ಸಿ ಮಾತ್ರ ಮೊದಲಿನವರ ಹೆಸರಲ್ಲೇ ಉಳಿದಿದ್ದ ಒಂದು ಅಪಘಾತದ ಪ್ರಕರಣದಲ್ಲಿ, ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದರೆ ಇದರ ದಾರಿ ಸಲೀಸಾಗಿದೆ. ಮೋಟಾರು ವಾಹನ ಕಾಯ್ದೆ 1988ರ 50ನೇ ಕಲಮಿನ ಪ್ರಕಾರ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಹೀಗೆ ತಿಳಿಸುವ ಅರ್ಜಿಗಳೇ ಫಾರ್ಮ್ 29 ಮತ್ತು 30. ಕೊಂಡವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲಷ್ಟೇ ಅಪ್ಪನವರ ಸಹಿ ಬೀಳಲಿ. ಗಾಡಿ ಒಪ್ಪಿಸಿದ ಚೀಟಿಯಲ್ಲಿ ದಿನಾಂಕದ ಜೊತೆ ಗಂಟೆಯನ್ನೂ ಬರೆಯಿರಿ.

ಮಿರ್ಚಿ_ಮಂಡಕ್ಕಿ:
ಏಜೆಂಟ 29, 30ಕ್ಕ ಸಹಿ ತಗೊಂಡು "ಆಮ್ಯಾಲ ತುಂಬ್ಕೋತೀನ್ರಿ ಸಾಹೇಬ್ರ" ಅಂತಾನಲ್ಲ, ಅದ ಇದು?

ಕಾಯ್ದೆ_ಗುಮಾಸ್ತ:
ಅದೇ. ಮತ್ತು ನೀವು ಅಂಗಡಿಗೆ ಕೊಟ್ಟು ಆರಾಮ ಇರಿ ಎಂದಿರಲ್ಲ, ಖಾಲಿ ಫಾರ್ಮಿನ ಈ ಚಾಳಿ ನಾನು ಹೆಚ್ಚು ನೋಡಿರುವುದು ಅಲ್ಲಿಯೇ. ವ್ಯಾಪಾರಿ ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಮುಂದಿನ ಗಿರಾಕಿ ಸಿಗುವ ತನಕ ಕಾಯುತ್ತಾನೆ. 2023ರ ಏಪ್ರಿಲ್‌ನಿಂದ ಅಧಿಕೃತ ಡೀಲರುಗಳಿಗೆ ಹೊಸ ನಿಯಮ ಬಂದಿದೆ, ಗಾಡಿ ಅವರ ವಶಕ್ಕೆ ಹೋದದ್ದನ್ನು ಪೋರ್ಟಲಿನಲ್ಲಿ ತಿಳಿಸಿದರೆ ಅವರನ್ನೇ ಮಾಲೀಕರೆಂದು ಪರಿಗಣಿಸುತ್ತಾರೆ. ಅಧಿಕಾರ ಪತ್ರ ಇದೆಯೇ ಎಂದು ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ. ಸ್ವಂತಕ್ಕೆ ಓಡಿಸಲು ಕೊಳ್ಳುವ ಸಂಸಾರಸ್ಥರಿಗೆ ಮಾತ್ರ ಹೆಸರು ಬೇಗ ಬದಲಾಗಬೇಕೆಂದು ನಿಮಗಿಂತ ಅವಸರವಿರುತ್ತದೆ.

ಮಿರ್ಚಿ_ಮಂಡಕ್ಕಿ:
ಆತು ಬಿಡ್ರಿ, ಒಂದು ಪಾಯಿಂಟ್ ನಿಮಗ.

ನವನಗರ_ನಿವಾಸಿ:
ಇನ್ನೊಂದು. ಆರ್‌ಸಿಗೆ ಜೋಡ್ಸಿದ ಮೊಬೈಲ್ ನಂಬರ್ ನಿಮ್ಮಪ್ಪಾರದ್ದ ಐತೇನು ಈಗ ನೋಡ್ಕೊಳ್ರಿ. ಹಳೇ ಗಾಡಿಗೆ ಭಾಳ ಸಲ ಶೋರೂಮಿನವ್ರ ನಂಬರ ಇರ್ತೈತಿ, ಪರಿವಾಹನ ಅನ್ನೋ ಸರ್ಕಾರಿ ಪೋರ್ಟಲಿನ ಒಟಿಪಿ ಯಾರಿಗೋ ಹೋಗ್ತೈತಿ. ಮತ್ತ 2014 ಅಂದ್ರ ಹೊಸಾ ನಂಬರ್ ಪ್ಲೇಟ್, ಎಚ್‌ಎಸ್‌ಆರ್‌ಪಿ, ಹಾಕ್ಸೀರೋ ಇಲ್ಲೋ? ಬಂದವ್ರು ಅದನ್ನ ಮೊದಲ ಕೇಳ್ತಾರ.

ವಿದ್ಯಾನಗರದ_ಹುಡ್ಗ:
ಎಚ್‌ಎಸ್‌ಆರ್‌ಪಿ ಐತ್ರಿ. ನಂಬರ್ ನೋಡ್ತೀನಿ. ಟೆಸ್ಟ್ ಡ್ರೈವ್ ಹೆಂಗ ಮಾಡೂದು? ಅಪ್ಪಾರ ಜೋಡಿ ಕಳಿಸೂದು ಬರೋಬ್ಬರಿ ಏನು?

ನವನಗರ_ನಿವಾಸಿ:
ಅಪ್ಪಾರ ಬ್ಯಾಡ, ನೀವ ಬಂದಾಗ ಇಟ್ಕೊಳ್ರಿ. ಡಿಎಲ್ ಫೋಟೋ ತಗದು ಮನ್ಯಾಗ ಒಬ್ಬರಿಗೆ ಕಳ್ಸಿ, ಬಾಜೂಕ ನೀವ ಕುಂದರ್ರಿ. ಒಂದ ದಾರಿ ಗೊತ್ತ ಮಾಡ್ಕೊಳ್ರಿ. ನಾ ಉಣಕಲ್ ಕೆರಿ ಮುಂದಿನಿಂದ ಹಾಯಿಸಿ ಹೊಳ್ಳಿ ಬರ್ತಿದ್ದೆ. ಏರು ಸಿಗತೈತಿ, ಸಿಗ್ನಲ್ ಸಿಗತೈತಿ, ಗಿಯರ್ರೂ ತಿಳೀತಾವ ಬ್ರೇಕೂ ತಿಳೀತಾವ. ಹಳ್ಳಿ ಕಡಿಂದ ಬಂದವ್ರು ಚಿಗರಿ ಬಸ್ಸಿಗಂತ ಬ್ಯಾರೆ ಮಾಡಿದ ಬಿಆರ್‌ಟಿಎಸ್ ಲೇನಿನ್ಯಾಗ ಹೊಗಿಸಿಬಿಡ್ತಾರ, ಅಷ್ಟ ಹುಷಾರಿ.

ಉಣಕಲ್_ಕೆರಿ:
ಹಳ್ಳಿಯವ್ರು ಯಾಕ್ರಿ, ಹುಬ್ಬಳ್ಳಿಯವ್ರ ಹೊಗಿಸ್ತಾರ. ಆ ಬಿಆರ್‌ಟಿಎಸ್ ಮಾಡಿ ನಮ್ಮ ರೋಡ ಸಣ್ಣ ಮಾಡಿಟ್ಟಾರ.

ಟೋಲ್_ನಾಕಾ:
ಚಿಗರಿ ಹತ್ತಿ ನೋಡ್ರಿ ಒಮ್ಮೆ, ಧಾರವಾಡದಿಂದ ಹುಬ್ಬಳ್ಳಿಗೆ ಎಷ್ಟು ಲಗೂ ಹೋಗ್ತೀರಿ ಅಂತ. ಕಾರ್ ಮಾರೋ ವಿಚಾರ ನಿಮಗೂ ಬರ್ತೈತಿ.

ಸಪ್ತಾಪುರ_ಅಕ್ಕ:
ಬಿಆರ್‌ಟಿಎಸ್ ಜಗಳ ಬ್ಯಾರೆ ಕಡೆ ಆಡ್ರಿಪಾ. ಹುಡ್ಗಾ ಕಾರ್ ಮಾರ್ಬೇಕಾಗೇದ.

ಬ್ಯಾಡಗಿ_ಖಾರ:
ಖೊಟ್ಟಿ ನೋಟಿನ ಅಂಜಿಕಿಗೆ ನಂದೊಂದು ಕತಿ. ಬೊಲೆರೊ, 4.80ಕ್ಕ ಮಾತಾತು. ತಗೊಂಡವ್ರು ಮೆಣಸಿನಕಾಯಿ ಬೆಳ್ಯೋ ಗೌಡ್ರು. ಮಾಲು ಮಾರಿದ ರೊಕ್ಕ, ಕೈಚೀಲದಾಗ ತಗೊಂಡ ಬಂದು ಟೀಪಾಯಿ ಮ್ಯಾಲ ಇಟ್ರು. ಗೌಡ್ರ, ಎರಡು ಲಕ್ಷ ಆತಂದ್ರ ನಗದು ತಗೊಳ್ಳಾಂಗಿಲ್ರಿ, ಇನ್‌ಕಮ್ ಟ್ಯಾಕ್ಸಿನವ್ರು ತಗೊಂಡಾಂವಗ ತಗೊಂಡಷ್ಟ ದಂಡ ಹಾಕ್ತಾರ ಅಂದೆ. ಸಿಟ್ಟಿಗೇಳ್ತಾರ ಅಂತ ಮಾಡಿದ್ದೆ. "ಚಲೋ ಆತು ತಗೋರಿ, ಎಣಸೋ ತ್ರಾಸ ತಪ್ಪಿತು" ಅಂತ ಎದ್ದು, ತಮ್ಮ ಬ್ಯಾಂಕಿಗೆ ಕಟ್ಟಿ ಅಲ್ಲಿಂದ ಆರ್‌ಟಿಜಿಎಸ್ ಮಾಡ್ಸಿದ್ರು. ನೋಟು ಖರೇವೋ ಖೊಟ್ಟಿಯೋ, ನೋಡೂದು ಬ್ಯಾಂಕಿನವ್ರ ಕೆಲಸ ಆತು.

ರಾಣೆಬೆನ್ನೂರ_ಬೀಜ:
ಎರಡು ಸಲ ಮಾಡಿ ಒಂದೂವರಿ ಒಂದೂವರಿ ತಗೊಂಡ್ರ ನಡಿಯೂದಿಲ್ಲೇನು?

ಕಾಯ್ದೆ_ಗುಮಾಸ್ತ:
ಇಲ್ಲ. ಒಂದೇ ವ್ಯವಹಾರ ಎಂದರೆ ಕಂತು ಮಾಡಿದರೂ ಒಂದೇ.

ರಾಣೆಬೆನ್ನೂರ_ಬೀಜ:
ಮತ್ತ ಈಗ ಹಳೇ ಗಾಡಿ ಮಾರಿದ್ರ 18% ಜಿಎಸ್‌ಟಿ ಅಂತಲ್ಲ? ವಾಟ್ಸಾಪಿನ್ಯಾಗ ಬಂದಿತ್ತು.

ಕಾಯ್ದೆ_ಗುಮಾಸ್ತ:
2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿ ಸಭೆಯ ಸುದ್ದಿ ಅದು, ಅರ್ಧ ಓದಿ ಹರಿಬಿಟ್ಟಿದ್ದಾರೆ. ಅದು ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳಿಗೆ, ಅದೂ ಅವರ ಲಾಭಾಂಶದ ಮೇಲೆ. ಮನೆಯ ಗಾಡಿಯನ್ನು ಇನ್ನೊಂದು ಮನೆಯವರಿಗೆ ಮಾರುವ ನಿಮಗೆ ಸಂಬಂಧವಿಲ್ಲ.

ಕುಂದಗೋಳ_ಕಾಕಾ:
ಎಲ್ಲಾ ಆತು, ಅಮಾಸಿ ದಿನ ಮಾತ್ರ ಗಾಡಿ ಕೊಡಬ್ಯಾಡ್ರಿ. ಆಷಾಢದಾಗಂತೂ ತಗೊಳ್ಳೋವ್ರು ಬರೂದ ಇಲ್ಲ.

ಬೆಟಗೇರಿ_ಮಗ್ಗ:
ನಾ ಅಮಾಸಿ ದಿನಾನ ಕಾಗದ ಮಾಡ್ಸೀನಿ. ಆರ್‌ಟಿಒದಾಗ ಮಂದೀನ ಇರ್ಲಿಲ್ಲ, ಲಗೂ ಆತು.

ಸಪ್ತಾಪುರ_ಅಕ್ಕ:
ದೀಪಾವಳಿ ಅಮಾಸಿಗೆ ಎಲ್ಲಾರೂ ಗಾಡಿ ಪೂಜಾ ಮಾಡ್ತೀರಿ, ಅದಕ್ಕ ಏನಂತೀರಿ ಕಾಕಾ?

ಕುಂದಗೋಳ_ಕಾಕಾ:
ಅದು ಲಕ್ಷ್ಮೀ ಪೂಜಿ ಅಮಾಸಿ ತಂಗಿ. ಅದರ ಲೆಕ್ಕಾನ ಬ್ಯಾರೆ.

ಉಣಕಲ್_ಕೆರಿ:
ನಂದು ಸ್ಯಾಂಟ್ರೊ. 15 ವರ್ಷ ತುಂಬಾಕ ಬಂದಿತ್ತು, ಆರ್‌ಸಿ ರಿನ್ಯೂವಲ್ ಹತ್ರ. ಅದನ್ನ ಮೊದಲ ಫೋನಿನ್ಯಾಗ ಹೇಳೇ ಕರಸಿದ್ದೆ. ನವಲಗುಂದ ಕಡೆ ಟೇಲರ್ ಒಬ್ರು ತಗೊಂಡ್ರು. ಒಯ್ದ ಒಂದು ವಾರದಾಗ ಫೋನ್ ಬಂತು. ಎದಿ ಧಸಕ್ ಅಂತು. ನೋಡಿದ್ರ ಜಗಳಕ್ಕ ಅಲ್ಲ, "ಅಣ್ಣಾರ, ಸ್ಟಾರ್ಟರ್ ಮೋಟರ್ ಕೈ ಕೊಟ್ಟೈತಿ, ನೀವು ಯಾವ ಮಿಸ್ತ್ರಿ ಕಡೆ ಮಾಡಸ್ತಿದ್ರಿ" ಅಂತ ಕೇಳಾಕ. ನನ್ನ ಮಿಸ್ತ್ರಿ ಕಡೆ ಕಳಿಸಿ ಅರ್ಧಾ ಬಿಲ್ ನಾ ಕೊಟ್ಟೆ. ಬ್ಯಾಡ ಬ್ಯಾಡ ಅಂದ್ರು, ಆಮ್ಯಾಲ ತಗೊಂಡ್ರು.

ಮಿರ್ಚಿ_ಮಂಡಕ್ಕಿ:
ಇದು ಮಾತ್ರ ನಾ ಒಪ್ಪೂದಿಲ್ಲ. ಹಳೇ ಗಾಡಿ ಅಂದ್ರ ಇದ್ದದ್ದು ಇದ್ದಂಗ. ಚಾವಿ ಕೊಟ್ಟ ಮ್ಯಾಲ ಸಂಬಂಧ ಮುಗೀತು. ಒಮ್ಮೆ ಕೊಟ್ರ ಆರು ತಿಂಗಳಿಗೆ ಕ್ಲಚ್ ಹೋದಾಗೂ ಫೋನ್ ಬರ್ತೈತಿ.

ಉಣಕಲ್_ಕೆರಿ:
ಬಂದಿಲ್ಲ.

ಬ್ಯಾಡಗಿ_ಖಾರ:
ಕೊಡೂದು ಬಿಡೂದು ಅವರವರ ಖುಷಿ. ಆದ್ರ ಕೊಡಬೇಕು ಅಂತ ರೂಲ್ ಮಾಡಬ್ಯಾಡ್ರಿ, ನಾಳೆ ಬಂದವ್ರು ಗ್ಯಾರಂಟಿ ಕಾರ್ಡ್ ಕೇಳ್ತಾರ. ನಮ್ಮ ಗೌಡ್ರು ಮಿಸ್ತ್ರಿ ತಂದು ತೋರ್ಸ್ಕೊಂಡು ತಗೊಂಡ್ರು, ಆಮ್ಯಾಲ ಏನೂ ಕೇಳ್ಲಿಲ್ಲ.

ಸಪ್ತಾಪುರ_ಅಕ್ಕ:
ವಾರದಾಗ ಹೋಗಿದ್ದು ಅಂದ್ರ ನಮ್ಮ ಕಡೆ ಇದ್ದಾಗ್ಲೇ ಹೋಗ್ಲಿಕ್ಕೆ ಬಂದಿತ್ತು ಅಂತಾತಲ್ಲ. ಅರ್ಧಾ ಕೊಟ್ಟಿದ್ದು ಬರೋಬ್ಬರಿ ಅದ ಅಂತೀನಿ ನಾ.

ಟೋಲ್_ನಾಕಾ:
ಫಾಸ್ಟ್ಯಾಗ್ ಯಾರೂ ಹೇಳ್ಲಿಲ್ಲ ನೋಡ್ರಿ. ಅದು ಗಾಡಿಗೆ ಹತ್ತಿದ್ದು, ಆದ್ರ ರೊಕ್ಕ ಹೋಗೂದು ನಿಮ್ಮ ಖಾತೇದಿಂದ. ನನ್ನ ಐ10 ತಗೊಂಡವ್ರು ಮರುದಿನಾನ ಕೊಲ್ಲಾಪುರ ಮಹಾಲಕ್ಷ್ಮಿ ದರ್ಶನಕ್ಕ ಹೋದ್ರು. ನನಗ ಹಿರೇಬಾಗೇವಾಡಿ ಟೋಲಿನ ಮೆಸೇಜ್, ಆಮ್ಯಾಲ ಹತ್ತರಗಿದು, ಕೊಗನೊಳ್ಳಿದು. ಹೊಳ್ಳಿ ಬರೋಮುಂದ ಮತ್ತ ಮೂರು. ಫೋನ್ ಮಾಡಬೇಕಂತ ಮೊಬೈಲ್ ತಗೊಳ್ಳೂದ್ರಾಗ ಅವರ ಕಡಿಂದಾನ ಗೂಗಲ್ ಪೇ ಬಂತು, ಆರೂ ಟೋಲ್ ಕೂಡ್ಸಿ, ಮ್ಯಾಲ ಹನ್ನೊಂದು ರೂಪಾಯಿ. ಹನ್ನೊಂದು ಯಾಕ ಅಂದ್ರ "ದೇವರ ಕೆಲಸ ನೋಡ್ರಿ" ಅಂದ್ರು. ಆದ್ರ ಎಲ್ಲಾರೂ ಹಂಗಿರೂದಿಲ್ಲ, ಚಾವಿ ಕೊಡೋ ದಿನಾನ ಟ್ಯಾಗ್ ಬಂದ್ ಮಾಡ್ಸಿ ಕಾಜಿನಿಂದ ಕಿತ್ತಿ ಒಗೀರಿ.

ಮಿರ್ಚಿ_ಮಂಡಕ್ಕಿ:
ಹನ್ನೊಂದು ರೂಪಾಯಿ 😂

ವಿದ್ಯಾನಗರದ_ಹುಡ್ಗ:
ಎಲ್ಲಾರಿಗೂ ಥ್ಯಾಂಕ್ಸ್ ರೀ. ಗಾಡಿ ಹೋತು, 2.62ಕ್ಕ. ಹಾನಗಲ್ ಕಡೆ ಒಬ್ರು ನರ್ಸ್ ಅಕ್ಕಾರು ತಗೊಂಡ್ರು, ಜೋಡಿ ಅವರ ತಮ್ಮ ಬಂದಿದ್ದ.

ಅಕ್ಕಾರು ಹೇಳಿದಂಗ ಗೀರು, ಡೆಂಟು ಎಲ್ಲಾ ಫೋಟೋ ಹಾಕಿದ್ದೆ. ಸಸ್ಪೆನ್ಷನ್ ಸಪ್ಪಳ ಮಾಡ್ತೈತಿ ಅಂತಾನೂ ಬರದಿದ್ದೆ. ತಮ್ಮ ಬಂದವನ 2.40 ಅಂತ ಚಾಲೂ ಮಾಡಿದ. ನಮ್ಮಪ್ಪಾರು ಏನೂ ಮಾತಾಡ್ಲಿಲ್ಲ, ಒಳಗ ಹೋಗಿ ಒಂದು ದಪ್ಪನ ಫೈಲ್ ತಂದ್ರು. 2014ರಿಂದ ಇಲ್ಲೀಮಟಾ ಮಾಡ್ಸಿದ ಸರ್ವಿಸಿನ ಬಿಲ್ಲು, ಟೈರಿಂದು, ಬ್ಯಾಟರಿದು, ಎಲ್ಲಾ ತಾರೀಖಿನ ಪ್ರಕಾರ. ಹಾಳಿ ಅಂಚಿನ್ಯಾಗ ಪೆನ್ಸಿಲ್ಲಿನಿಂದ ಕಿಲೋಮೀಟರ್ ಬರದಾರ. ನನಗ ಆ ಫೈಲ್ ಇದ್ದದ್ದ ಗೊತ್ತಿರ್ಲಿಲ್ಲ. ಅಕ್ಕಾರು ಒಂದೊಂದ ಹಾಳಿ ತಿರುವಿ ಓಡೋಮೀಟರ್ ಜೋಡಿ ತಾಳಿ ನೋಡಿದ್ರು, ತಮ್ಮಗ "ಸುಮ್ಮ ಕುಂದರಲೇ" ಅಂದ್ರು. 2.62 ಅವರ ಹೇಳಿದ್ದು.

ಸಂಚಕಾರ ಅಂತ ಹತ್ತು ಸಾವಿರ ಅವತ್ತ ಕೊಟ್ರು, ಉಳದದ್ದು ಆರ್‌ಟಿಜಿಎಸ್. ಮೊಬೈಲ್ ನಂಬರ್ ಶೋರೂಮಿಂದ ಇತ್ತು, ಮೊದಲ ಬದಲಿ ಮಾಡ್ಸಿದ್ವಿ. ಟ್ಯಾಗ್ ಬಂದ್ ಮಾಡ್ಸೀನಿ. ಹೆಸರ ಬದಲಿ ಅರ್ಜಿ ಹಾಕಿ ಆತು, ರಸೀದಿ ಅಪ್ಪಾರ ಫೈಲಿನ್ಯಾಗ ಸೇರೇತಿ. ಇನ್ಶೂರೆನ್ಸಿನವ್ರ ಕಡೆ ಎನ್‌ಸಿಬಿ ಸರ್ಟಿಫಿಕೇಟಿಗೂ ಬರದು ಕೊಟ್ಟೀನಿ.

ನವನಗರ_ನಿವಾಸಿ:
ಭೇಷ್. ಅಪ್ಪಾರಿಗೆ ನಮಸ್ಕಾರ ಹೇಳ್ರಿ.

ಮಿರ್ಚಿ_ಮಂಡಕ್ಕಿ:
ಅಂಗಡಿಗಿಂತ 57 ಸಾವಿರ ಹೆಚ್ಚಾತು. ಪಾರ್ಟಿ ಯಾವಾಗ?

ರಾಣೆಬೆನ್ನೂರ_ಬೀಜ:
ಎನ್‌ಸಿಬಿ ಅಂದ್ರ ಏನ್ರಿ? ಗಾಡಿ ಜೋಡಿ ಅವ್ರಿಗೆ ಹೋಗೂದಿಲ್ಲೇನು ಅದು?

ಕಾಯ್ದೆ_ಗುಮಾಸ್ತ:
ಪಾಲಿಸಿ ಗಾಡಿಯ ಜೊತೆ ಹೋಗುತ್ತದೆ, ಕೊಂಡವರು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಅಂದರೆ ಎನ್‌ಸಿಬಿ, ಮಾರಿದವರದ್ದು. ಸರ್ಟಿಫಿಕೇಟ್ ಪಡೆದರೆ ಮೂರು ವರ್ಷದೊಳಗೆ ಕೊಳ್ಳುವ ಇನ್ನೊಂದು ಕಾರಿಗೆ ಬಳಸಬಹುದು. ಹೆಚ್ಚೆಂದರೆ 50%.

ಟೋಲ್_ನಾಕಾ:
ಪೂರಾ ಪ್ರೀಮಿಯಮ್ ಮ್ಯಾಲ ಅಲ್ರಿ ಮತ್ತ. ಸ್ವಂತ ಗಾಡಿ ಡ್ಯಾಮೇಜಿನ ಭಾಗಕ್ಕಷ್ಟ, ಥರ್ಡ್ ಪಾರ್ಟಿಗೆ ಒಂದು ಪೈಸಾನೂ ಬಿಡೂದಿಲ್ಲ.